ಅರಿವಳಿಕೆಗೆ ಮುನ್ನ ಮಗುವಿನ ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಬಗೆ

ಪೂರ್ಣ ಅರಿವಳಿಕೆಯಲ್ಲಿ ಕೆಮ್ಮುವ, ನುಂಗುವ ಸಹಜ ಪ್ರತಿಕ್ರಿಯೆಗಳು ಅಡಗುವುದರಿಂದ, ಹೊಟ್ಟೆಯ ಆಮ್ಲ ಗಂಟಲಿಗೆ ಉಕ್ಕಿ ಶ್ವಾಸಕೋಶಕ್ಕೆ ಇಳಿದರೆ ಮಗುವಿಗೆ ತೀವ್ರ ಹಾನಿಯಾಗಬಹುದು. ಇದನ್ನು ತಡೆಯಲು ಔಷಧಕ್ಕಿಂತ ಮೊದಲು ಬೇಕಾದದ್ದು ಸಮಯಪಾಲನೆ.

ಸಾಮಾನ್ಯವಾಗಿ ಅರಿವಳಿಕೆಗೆ 6 ಗಂಟೆ ಮೊದಲು ಲಘು ಆಹಾರ, ಹಸುವಿನ ಹಾಲು ಮತ್ತು ಪುಡಿಹಾಲನ್ನೂ, 4 ಗಂಟೆ ಮೊದಲು ಎದೆಹಾಲನ್ನೂ ನಿಲ್ಲಿಸಬೇಕು. ಕರಿದ ತಿಂಡಿಗೆ 8 ಗಂಟೆಯ ಅಂತರ ಒಳ್ಳೆಯದು. ರಾಗಿ ಸರಿ ಎಷ್ಟೇ ತೆಳುವಾಗಿದ್ದರೂ ಆಹಾರವೇ ಹೊರತು ನೀರಲ್ಲ.

ಆದರೆ ರಾತ್ರಿಯಿಂದಲೇ ಮಗುವನ್ನು ಬಾಯಾರಿಸಿ ಮಲಗಿಸುವ ರೂಢಿಗೆ ಆಧಾರವಿಲ್ಲ. ಬರಿ ಹೊಟ್ಟೆಯಲ್ಲೂ ಆಮ್ಲ ಸ್ರವಿಸುತ್ತಲೇ ಇರುತ್ತದೆ. ನೀರು, ಸಕ್ಕರೆ ನೀರು, ತಿರುಳಿಲ್ಲದಂತೆ ಸೋಸಿದ ಸೇಬಿನ ರಸ ಬೇಗನೆ ಕರುಳಿಗೆ ಇಳಿದುಹೋಗುವುದರಿಂದ, ಅವನ್ನು 2 ಗಂಟೆ ಮೊದಲಿನವರೆಗೂ, ಕೆಲವು ಆಸ್ಪತ್ರೆಗಳಲ್ಲಿ 1 ಗಂಟೆ ಮೊದಲಿನವರೆಗೂ ಕೊಡುತ್ತಾರೆ. ನಿಮ್ಮ ಅರಿವಳಿಕೆ ತಜ್ಞರು ಹೇಳುವ ಸಮಯವೇ ಅಂತಿಮ.

ಆರೋಗ್ಯವಂತ ಮಗುವಿಗೆ ಆಮ್ಲ ತಗ್ಗಿಸುವ ಔಷಧ ವಾಡಿಕೆಯಾಗಿ ಬೇಕಿಲ್ಲ. ಹುಳಿ ಉಕ್ಕುವ ತೊಂದರೆಗೆ ಒಮೆಪ್ರಜೋಲ್ ಸೇವಿಸುತ್ತಿರುವ ಮಗುವಾದರೆ ಅಂದಿನ ಬೆಳಗಿನ ಪ್ರಮಾಣದ ಬಗ್ಗೆ ತಜ್ಞರನ್ನು ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿರುವ ಗಟ್ಟಿ ಆಂಟಾಸಿಡ್ ಸಿರಪ್ಪನ್ನು ಮಾತ್ರ ಕುಡಿಸಬೇಡಿ, ಏಕೆಂದರೆ ಅದರ ಸೂಕ್ಷ್ಮ ಕಣಗಳೇ ಶ್ವಾಸಕೋಶವನ್ನು ಕೆಡಿಸಬಲ್ಲವು. ಮಗು ಕಣ್ತಪ್ಪಿಸಿ ಒಂದು ಬಿಸ್ಕತ್ತು ತಿಂದಿದ್ದರೂ ಮುಚ್ಚಿಡದೆ ತಿಳಿಸಿ; ಶಸ್ತ್ರಚಿಕಿತ್ಸೆ ಕೆಲವು ಗಂಟೆ ಮುಂದೆ ಹೋಗಬಹುದು, ಅಷ್ಟೆ.