ಊರೊಳಗೆ ಬಸ್ ಬರಬೇಕಾದರೆ ಅರ್ಜಿ ಎಲ್ಲಿಗೆ, ದರ ಯಾರದು

ಗೌರಿಬಿದನೂರಿನಿಂದ ಮಂಚೇನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಬಸ್ಸೊಂದು ಮುಖ್ಯರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ಹಳ್ಳಿಗೂ ಬಂದು ಹೋಗಲಿ ಎಂದು ಊರಿನವರು ಬಯಸಿದರೆ, ಅರ್ಜಿ ಬರೆಯುವ ಮೊದಲು ಆ ಬಸ್ ಯಾರದೆಂದು ತಿಳಿದುಕೊಳ್ಳಬೇಕು. ಸಾರಿಗೆ ನಿಗಮದ ಬಸ್ಸಿಗೆ ಒಂದು ದಾರಿ, ಖಾಸಗಿ ಬಸ್ಸಿಗೆ ಇನ್ನೊಂದು ದಾರಿ. ನಮ್ಮೂರಿನವರು ಮೊದಲ ಸಲ ಮನವಿ ಕೊಟ್ಟಾಗ ಇದು ಯಾರಿಗೂ ಹೊಳೆಯಲಿಲ್ಲ. ಖಾಸಗಿ ಬಸ್ಸಿನ ಮಾರ್ಗ ಬದಲಿಸಿ ಎಂದು ನಿಗಮದ ಡಿಪೊಗೆ ಅರ್ಜಿ ಕೊಟ್ಟು ಬಂದು, ಉತ್ತರ ಬರಲಿಲ್ಲವೆಂದು ಆರು ತಿಂಗಳು ಗೊಣಗಿದೆವು.

ನಿಗಮದ ಬಸ್ಸಾದರೆ ಕೆಲಸ ತಕ್ಕಮಟ್ಟಿಗೆ ಸುಲಭ. ಚಿಕ್ಕಬಳ್ಳಾಪುರ ವಿಭಾಗದಲ್ಲಿ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟಗಳಲ್ಲಿ ಡಿಪೊಗಳಿವೆ. ಮನವಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೆ ಬರೆದು, ಆ ಬಸ್ ಹೊರಡುವ ಡಿಪೊದ ಘಟಕ ವ್ಯವಸ್ಥಾಪಕರಿಗೆ ಒಂದು ಪ್ರತಿ ಕೊಟ್ಟು, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. "ನಮ್ಮೂರಿಗೆ ಬಸ್ ಬಿಡಿ" ಎಂಬ ಒಂದು ಸಾಲಿನ ಮನವಿ ಕಡತದಲ್ಲೇ ಉಳಿಯುತ್ತದೆ. ಬೆಳಗ್ಗೆ ಎಷ್ಟು ಗಂಟೆಯ ಯಾವ ಟ್ರಿಪ್ ಒಳಗೆ ಬರಬೇಕು, ಸಂಜೆ ಯಾವುದು, ಶಾಲೆ ಕಾಲೇಜಿಗೆ ಹೋಗುವ ಮಕ್ಕಳು ಎಷ್ಟು, ಅವರಲ್ಲಿ ಪಾಸ್ ಇರುವವರು ಎಷ್ಟು, ಸಂತೆಯ ದಿನ ಯಾವುದು ಎಂಬುದನ್ನೆಲ್ಲ ಬರೆದು, ಜೊತೆಗೆ ಗ್ರಾಮ ಪಂಚಾಯಿತಿಯ ನಡವಳಿ ಮತ್ತು ಶಾಲೆಯ ಮುಖ್ಯ ಶಿಕ್ಷಕರ ಪತ್ರ ಲಗತ್ತಿಸುವುದು ಒಳ್ಳೆಯದು. ಹೆಚ್ಚಿನವರು ಮರೆಯುವ ಸಂಗತಿ ಬಸ್ ತಿರುಗಿಸುವ ಜಾಗ. ರಸ್ತೆಗೆ ಡಾಂಬರು ಇದ್ದರೂ ಊರ ಬಾಗಿಲಲ್ಲಿ ತಿಪ್ಪೆ, ಒಕ್ಕಣೆ ಕಣ, ತಗ್ಗಾಗಿ ಎಳೆದ ವಿದ್ಯುತ್ ತಂತಿ ಇದ್ದರೆ, ರಸ್ತೆ ನೋಡಲು ಬಂದವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಆ ಜಾಗವನ್ನು ಮೊದಲೇ ತೆರವು ಮಾಡಿಸಿ, ಅದನ್ನೂ ಮನವಿಯಲ್ಲಿ ನಮೂದಿಸಬೇಕು.

ಖಾಸಗಿ ಬಸ್ಸಿನ ವಿಷಯ ಕಾನೂನಿನ ಒಳಗಿದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಅಂಥ ಬಸ್ಸಿಗೆ ರಹದಾರಿ, ಅಂದರೆ ಪರ್ಮಿಟ್, ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ನಮ್ಮಲ್ಲಿ ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು, ಪ್ರಾದೇಶಿಕ ಸಾರಿಗೆ ಅಧಿಕಾರಿ, ಅಂದರೆ ಆರ್‌ಟಿಒ, ಅದರ ಕಾರ್ಯದರ್ಶಿ. ಇರುವ ರಹದಾರಿಗೆ ಹೊಸ ಊರು ಸೇರಿಸುವುದನ್ನು ಅಥವಾ ದಾರಿ ಬದಲಿಸುವುದನ್ನು ಕಾಯ್ದೆಯ 80ನೆಯ ಕಲಂ ಹೊಸ ರಹದಾರಿಯ ಅರ್ಜಿಯಂತೆಯೇ ನೋಡುತ್ತದೆ. ನಡುವೆ ದಾರಿ ಬದಲಾಗುವುದಾದರೆ ಎರಡೂ ತುದಿಯ ಊರುಗಳು ಬದಲಾಗಬಾರದು, ಬದಲಾದ ದಾರಿಯ ದೂರ 24 ಕಿಲೋಮೀಟರ್ ಮೀರಬಾರದು. ತುದಿಯಿಂದ ಮುಂದಕ್ಕೆ ವಿಸ್ತರಿಸುವುದಾದರೂ ಮಿತಿ ಅಷ್ಟೇ. ಈ ಮಿತಿಯೊಳಗೂ ಬದಲಾವಣೆಯಿಂದ ಜನರಿಗೆ ಅನುಕೂಲವಾಗುತ್ತದೆ, ಪ್ರತ್ಯೇಕ ರಹದಾರಿ ಕೊಡುವುದು ಸೂಕ್ತವಲ್ಲ ಎಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ಅಂದರೆ ಮೂರು ಕಿಲೋಮೀಟರ್ ಒಳಗೆ ಬಂದು ಹೋಗುವುದಕ್ಕೆ ದೂರದ ತೊಡಕಿಲ್ಲ, ಅನುಕೂಲವನ್ನು ಕಾಗದದ ಮೇಲೆ ತೋರಿಸುವುದೇ ಮುಖ್ಯ. ಆದರೆ ಅರ್ಜಿ ಹಾಕಬೇಕಾದವರು ರಹದಾರಿ ಇರುವ ಮಾಲೀಕರು. ಊರಿನವರ ಮನವಿ ಅದಕ್ಕೆ ಬಲ ಕೊಡುತ್ತದೆಯೇ ಹೊರತು ಅದರ ಬದಲಿಗೆ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಮಾಲೀಕರನ್ನು ಒಪ್ಪಿಸಿ, ಅವರ ಅರ್ಜಿಯೊಂದಿಗೆ ಪಂಚಾಯಿತಿಯ ನಡವಳಿಯನ್ನೂ ಆರ್‌ಟಿಒ ಕಚೇರಿಗೆ ಕೊಡುವುದು ಸರಿಯಾದ ಕ್ರಮ.

ಮಾಲೀಕರು ಒಪ್ಪದಿದ್ದರೆ ದಾರಿ ಮುಚ್ಚಿತೆಂದಲ್ಲ. ಒಂದು ತಿಂಗಳಿಗೆ ಕಡಿಮೆಯಿಲ್ಲದ ನೋಟಿಸ್ ಕೊಟ್ಟು ರಹದಾರಿಯ ಷರತ್ತುಗಳನ್ನು ಬದಲಿಸುವ ಅಧಿಕಾರವನ್ನು 72ನೆಯ ಕಲಂ ಪ್ರಾಧಿಕಾರಕ್ಕೆ ಇಟ್ಟಿದೆ. ಬಸ್ ವೇಳಾಪಟ್ಟಿಯಂತೆ ಬಾರದಿದ್ದರೆ, ರಹದಾರಿಯಲ್ಲಿರುವ ಊರನ್ನೇ ಬಿಟ್ಟು ಹೋಗುತ್ತಿದ್ದರೆ, ದಿನಾಂಕ ಮತ್ತು ಸಮಯ ಗುರುತು ಮಾಡಿಟ್ಟುಕೊಂಡು ದೂರು ಕೊಡಬಹುದು. ಷರತ್ತು ಮುರಿದವರ ರಹದಾರಿಯನ್ನು ಅಮಾನತಿನಲ್ಲಿಡಲು ಅಥವಾ ರದ್ದು ಮಾಡಲು 86ನೆಯ ಕಲಂ ಇದೆ. ಬದಲಾವಣೆಯಿಂದ ನಿಮ್ಮ ಊರಿಗೇ ಬಸ್ ತಪ್ಪುವುದಾದರೆ ಗ್ರಾಮ ಪಂಚಾಯಿತಿ ಮೊದಲೇ ಲಿಖಿತವಾಗಿ ವಿರೋಧ ಸಲ್ಲಿಸುವುದು ಒಳ್ಳೆಯದು.

ಇನ್ನೊಂದು ತೊಡಕಿದೆ. ಸರ್ಕಾರ ಯೋಜನೆ ಮಾಡಿ ನಿಗಮಕ್ಕೆಂದೇ ಅಧಿಸೂಚಿಸಿದ ಮಾರ್ಗವಾಗಿದ್ದರೆ ಅಲ್ಲಿ ಖಾಸಗಿಯವರಿಗೆ ಆ ಯೋಜನೆಯ ಪ್ರಕಾರವಲ್ಲದೆ ರಹದಾರಿ ಸಿಗುವುದಿಲ್ಲ. ನಿಗಮ ಆ ಮಾರ್ಗಕ್ಕೆ ಅರ್ಜಿಯನ್ನೇ ಹಾಕದಿದ್ದಾಗ ಮಾತ್ರ ತಾತ್ಕಾಲಿಕ ರಹದಾರಿ ಕೊಡಬಹುದು, ಅದೂ ನಿಗಮ ಬರುವವರೆಗೆ. ನಿಮ್ಮ ರಸ್ತೆ ಅಂಥದ್ದೇ ಎಂದು ತಿಳಿಯಲು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿದರೆ ಸಾಕು. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾದ ಜಿಲ್ಲೆಯಾದ್ದರಿಂದ ಹಳೆಯ ಕಾಗದಗಳಲ್ಲಿ ಕೋಲಾರ ಜಿಲ್ಲೆಯೆಂದೇ ಇರುತ್ತದೆ. ಅರ್ಜಿಯಲ್ಲಿ ಎರಡೂ ಹೆಸರು ಬರೆಯುವುದು ಲೇಸು. ಹಿಂದೂಪುರಕ್ಕೋ ಮದನಪಲ್ಲಿಗೋ ಹೋಗುವ ಬಸ್ಸಾದರೆ ಎರಡು ರಾಜ್ಯಗಳ ಒಪ್ಪಂದದ ಮಾತು ಬರುತ್ತದೆ, ಅದು ಜಿಲ್ಲೆಯಲ್ಲಿ ಮುಗಿಯುವ ಕೆಲಸವಲ್ಲ.

ದರದ ವಿಷಯದಲ್ಲಿ ಜಗಳವಾಡುವ ಮೊದಲು ಒಂದು ಲೆಕ್ಕ ಗೊತ್ತಿರಬೇಕು. ದರ ನಿಗದಿಯ ಬಗ್ಗೆ ನಿರ್ದೇಶನ ಕೊಡುವ ಅಧಿಕಾರ 67ನೆಯ ಕಲಮಿನಂತೆ ರಾಜ್ಯ ಸರ್ಕಾರದ್ದು. ಡಿಪೊದವರಾಗಲಿ ನಿರ್ವಾಹಕರಾಗಲಿ ಒಂದು ರೂಪಾಯಿ ಏರಿಸಲೂ ಇಳಿಸಲೂ ಆಗದು. ನಿಗಮದ ಬಸ್ಸುಗಳಿಗೆ ಶೇ. 15ರಷ್ಟು ಏರಿಕೆ 2025ರ ಜನವರಿ 5ರಿಂದ ಜಾರಿಗೆ ಬಂದದ್ದು ಸಚಿವ ಸಂಪುಟದ ತೀರ್ಮಾನದಿಂದ. ದರ ಹಂತಗಳ, ಅಂದರೆ ದರ ಎಣಿಸಲು ಗೊತ್ತುಪಡಿಸಿದ ನಿಲುಗಡೆಗಳ, ಮೇಲೆ ನಿಂತಿದೆ: ಎರಡು ಹಂತಗಳ ನಡುವೆ ಹತ್ತಿದವರು ಹಿಂದಿನ ಹಂತದಿಂದಲೇ ಕೊಡಬೇಕು. ಊರಿನ ನಿಲುಗಡೆ ಹಂತವಾಗಿದೆಯೋ ಬರೀ ನಿಲುಗಡೆಯೋ ಎಂದು ಕೇಳಿ ತಿಳಿದುಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಒಳಗೆ ಬಂದು ಹೋಗುವ ಆರು ಕಿಲೋಮೀಟರ್ ಸೇರಿದಾಗ ಚಿಕ್ಕಬಳ್ಳಾಪುರದವರೆಗೆ ಹೋಗುವ ಇತರರಿಗೂ ದರ ಮತ್ತು ಸಮಯ ಏರುವ ಸಂಭವವಿದ್ದು, ಅವರ ವಿರೋಧವೂ ನ್ಯಾಯವಾದದ್ದೇ. ಅದಕ್ಕಾಗಿಯೇ ಎಲ್ಲ ಟ್ರಿಪ್‌ಗಳನ್ನೂ ಕೇಳದೆ ಬೆಳಗ್ಗೆ ಒಂದು, ಸಂಜೆ ಒಂದು ಕೇಳಿದವರಿಗೆ ಬೇಗ ಮಂಜೂರಾಗುತ್ತದೆ ಎಂಬುದು ನಾನು ಕಂಡುಕೊಂಡದ್ದು.

ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಿಂದ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗಿದೆ, ಖಾಸಗಿ ಬಸ್ಸಿಗಿಲ್ಲ. ಮಹಿಳೆಯರು ಹೆಚ್ಚಿರುವ ಊರು ಯಾವ ಬಸ್ ಕೇಳಬೇಕೆಂಬುದನ್ನು ಇದೂ ತೀರ್ಮಾನಿಸುತ್ತದೆ. ಶೂನ್ಯ ಮೊತ್ತದ್ದಾದರೂ ಟಿಕೆಟ್ ಪಡೆಯಲೇಬೇಕು. ಟಿಕೆಟ್ ಇಲ್ಲದೆ ಪ್ರಯಾಣಿಸಿದರೂ, ಹಣ ಪಡೆದು ಟಿಕೆಟ್ ಕೊಡದಿದ್ದರೂ 178ನೆಯ ಕಲಮಿನಂತೆ 500 ರೂಪಾಯಿವರೆಗೆ ದಂಡವಿದೆ.

ಆದೇಶ ಕೈಗೆ ಬಂದ ದಿನವೇ ಅದರ ಪ್ರತಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಿಸಬೇಕು. ಅನುಮೋದಿತ ವೇಳಾಪಟ್ಟಿ ಮತ್ತು ದರಪಟ್ಟಿಯನ್ನು ಬಸ್ಸಿನಲ್ಲಿ, ಗೊತ್ತುಪಡಿಸಿದ ನಿಲ್ದಾಣಗಳಲ್ಲಿ ಪ್ರದರ್ಶಿಸಬೇಕೆಂಬುದನ್ನು ರಹದಾರಿಯ ಷರತ್ತಾಗಿ ಹಾಕಬಹುದಾದ್ದರಿಂದ, ಮೊದಲ ವಾರದಲ್ಲಿಯೇ ಅವೆರಡನ್ನೂ ಆದೇಶದ ಪಕ್ಕದಲ್ಲಿಟ್ಟು ತಾಳೆ ನೋಡಿ, ವ್ಯತ್ಯಾಸ ಕಂಡರೆ ಟಿಕೆಟ್‌ನ ಪ್ರತಿಯೊಂದಿಗೆ ಬರೆದು ಕೊಡಬೇಕು.