ಕ್ಯಾಶ್‌ಲೆಸ್ ಇದ್ದರೂ ಡಿಸ್ಚಾರ್ಜ್ ತಡವಾದರೆ ಏನು ಕೇಳಬೇಕು?

ಬೆಂಗಳೂರಿನ ಜಯನಗರದ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ನಾನು ಕೆಲಸ ಮಾಡುತ್ತೇನೆ. "ಮೇಡಂ, ಡಾಕ್ಟರ್ ಬೆಳಿಗ್ಗೇನೇ ಮನೆಗೆ ಹೋಗಿ ಅಂದ್ರು, ಇನ್ನೂ ಅಪ್ರೂವಲ್ ಬಂದಿಲ್ವಾ?" ದಿನವೂ ಕೇಳುವ ಮಾತು ಇದು. ಕೇಳುವವರಿಗೆ ತಮ್ಮ ಪರವಾಗಿ ನಿಯಮ ಇದೆ ಅನ್ನೋದೇ ಗೊತ್ತಿರುವುದಿಲ್ಲ.

2024ರ ಮೇ 29ರಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಆರೋಗ್ಯ ವಿಮೆಗೆ ಒಂದು ಮಾಸ್ಟರ್ ಸರ್ಕ್ಯುಲರ್ ತಂದಿತು. ಕ್ಯಾಶ್‌ಲೆಸ್ ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು; ಅದರ ಅರ್ಜಿ ಕೈಸೇರಿದ 1 ಗಂಟೆಯೊಳಗೆ ಕಂಪನಿ ನಿರ್ಧಾರ ಹೇಳಬೇಕು. ಡಿಸ್ಚಾರ್ಜ್ ಮಂಜೂರಾತಿಗೆ 3 ಗಂಟೆ. ಅದಕ್ಕಿಂತ ತಡವಾಗಿ ಆಸ್ಪತ್ರೆ ಜಾಸ್ತಿ ದುಡ್ಡು ಹಾಕಿದರೆ, ಅದನ್ನು ಕಂಪನಿಯೇ ಭರಿಸಬೇಕು.

ಆದರೆ ಆ 3 ಗಂಟೆ ಶುರುವಾಗೋದು ಡಾಕ್ಟರ್ ಹೋಗಿ ಅಂದಾಗ ಅಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಕೋರಿಕೆ ಫೈನಲ್ ಬಿಲ್ ಸಮೇತ ಕಂಪನಿಗೆ ತಲುಪಿದಾಗ. ಅದಕ್ಕೂ ಮುಂಚೆ ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಿ ಡಾಕ್ಟರ್ ಸಹಿ ಬೀಳಬೇಕು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು, ಲ್ಯಾಬ್ ರಿಪೋರ್ಟ್ ಸೇರಬೇಕು. ಅರ್ಧ ದಿನ ಇಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಡೆಸ್ಕ್‌ಗೆ ಬಂದು ಸುಮ್ನೆ "ಎಷ್ಟೊತ್ತಾಗುತ್ತೆ?" ಅನ್ನಬೇಡಿ. "ಫೈನಲ್ ಬಿಲ್ ಎಷ್ಟು ಗಂಟೆಗೆ ಕಳಿಸಿದ್ರಿ? ಕಂಪನಿಯಿಂದ ಕ್ವೆರಿ ಏನಾದ್ರೂ ಬಂದಿದೆಯಾ?" ಅಂತ ಕೇಳಿ. ಸಮಯ ಬರೆದಿಟ್ಟುಕೊಳ್ಳಿ. ಬಿಲ್ ಇನ್ನೂ ಹೋಗಿಲ್ಲ ಅಂದರೆ ವಾರ್ಡಿನ ನರ್ಸ್ ಹತ್ತಿರ ಹೋಗಿ ಯಾವುದು ಬಾಕಿ ಅಂತ ವಿಚಾರಿಸಿ. ಬಿಲ್ ಹೋಗಿ 3 ಗಂಟೆ ದಾಟಿದ್ದರೆ ಕಂಪನಿಗೆ ಇಮೇಲ್ ಮಾಡಿ. ಫೋನಿನಲ್ಲಿ ಜಗಳ ಆಡಿದರೆ ದಾಖಲೆ ಉಳಿಯೋದಿಲ್ಲ.

ಚಿಕಿತ್ಸೆಯಲ್ಲಿರುವಾಗಲೇ ರೋಗಿ ತೀರಿಕೊಂಡರೆ, ಕಂಪನಿ ತಕ್ಷಣ ಕ್ಲೇಮ್ ನೋಡಿ ದೇಹ ಮನೆಯವರ ಕೈಸೇರುವಂತೆ ಮಾಡಬೇಕು. ಇದೂ ಅದೇ ಸರ್ಕ್ಯುಲರ್‌ನಲ್ಲಿದೆ. ಆ ಹೊತ್ತಲ್ಲಿ ಮನೆಯವರಿಗೆ ಕೇಳೋ ಶಕ್ತಿ ಇರೋದಿಲ್ಲ, ಜೊತೆಗಿರುವ ಸಂಬಂಧಿಕರು ಕೇಳಬೇಕು.

ಹಳೇ ಕಾಯಿಲೆಯ ವಿಷಯಕ್ಕೆ ಬಂದರೆ, 2024ರ ಏಪ್ರಿಲ್‌ನಿಂದ ಅದಕ್ಕೆ ಕ್ಲೇಮ್ ಸಿಗಲು ಪಾಲಿಸಿ ತೆಗೆದುಕೊಂಡ ಮೇಲೆ ಕಾಯುವ ಅವಧಿ ಗರಿಷ್ಠ 36 ತಿಂಗಳು, ಮುಂಚೆ 48 ಇತ್ತು. 60 ತಿಂಗಳು ಬಿಡದೆ ಪಾಲಿಸಿ ನಡೆಸಿದ್ದರೆ "ನೀವು ಶುಗರ್ ಇರೋದು ಹೇಳಿರಲಿಲ್ಲ" ಅಂತ ಕ್ಲೇಮ್ ತಳ್ಳಿಹಾಕುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಬೇರೆ. ಹಾಗಂತ ಮುಚ್ಚಿಡಬೇಡಿ. ಬಿಪಿ, ಶುಗರ್, ಥೈರಾಯ್ಡ್ ಎಲ್ಲಾ ಅರ್ಜಿಯಲ್ಲೇ ಬರೆಸಿ.

ಕ್ಲೇಮ್ ತಿರಸ್ಕಾರ ಆಯ್ತಾ? ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಕಂಪನಿ ಕಾರಣ ಕೊಡಬೇಕು. ತಿರಸ್ಕರಿಸುವ ಮೊದಲು ಅವರ ಪರಿಶೀಲನಾ ಸಮಿತಿ ಅದಕ್ಕೆ ಒಪ್ಪಿರಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಉತ್ತರ ಸರಿ ಅನ್ನಿಸದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ, ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಿ. 50 ಲಕ್ಷ ರೂಪಾಯಿವರೆಗಿನ ದೂರು ಅಲ್ಲಿ ನಡೆಯುತ್ತದೆ. ಶುಲ್ಕ ಇಲ್ಲ, ಲಾಯರ್ ಬೇಕಾಗಿಲ್ಲ. ಪಾಲಿಸಿ, ಡಿಸ್ಚಾರ್ಜ್ ಸಮ್ಮರಿ, ತಿರಸ್ಕಾರ ಪತ್ರ, ನೀವು ಕಳಿಸಿದ ಇಮೇಲ್‌ಗಳು, ಎಲ್ಲದರ ಜೆರಾಕ್ಸ್ ಜೊತೆಗಿರಲಿ.