ನ್ಯೂಯಾರ್ಕಿನ ಕ್ರಿಸ್‌ಮಸ್ ಷೋಕೇಸ್‌ಗಳನ್ನು ಒಂದೇ ಸಂಜೆಯಲ್ಲಿ ನೋಡುವ ಬಗೆ

ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಮಕ್ಕಳ ಮನೆಗೆ ಬಂದ ಹಿರಿಯರಿಗೆ ರಾಕೆಫೆಲರ್ ಸೆಂಟರಿನ ಮರವನ್ನಷ್ಟೇ ತೋರಿಸಿ ಹಿಂದಿರುಗಬೇಡಿ. ದೊಡ್ಡ ಮಳಿಗೆಗಳು ಹಬ್ಬಕ್ಕೆಂದು ಸಿಂಗರಿಸುವ ಗಾಜಿನ ಕಿಟಕಿಗಳನ್ನು ನೋಡಲು ಟಿಕೆಟ್ ಬೇಕಿಲ್ಲ, ಏನನ್ನೂ ಕೊಳ್ಳಬೇಕಿಲ್ಲ. ಮೂರು ಗಂಟೆಯ ಬಿಡುವು ಮತ್ತು ಬೆಚ್ಚನೆಯ ಬೂಟು ಇದ್ದರೆ ಸಾಕು. ಊರಿನಿಂದ ತಂದ ಮಂಕಿ ಕ್ಯಾಪಿಗೂ ಇಲ್ಲಿ ಸಂಕೋಚಪಡಬೇಕಾಗಿಲ್ಲ.

ಕಿಟಕಿಗಳು ಸಾಮಾನ್ಯವಾಗಿ ನವೆಂಬರಿನ ಉತ್ತರಾರ್ಧದಲ್ಲಿ ಅನಾವರಣಗೊಂಡು ಹೊಸ ವರ್ಷದವರೆಗೂ ಇರುತ್ತವೆ. ಶನಿವಾರ, ಭಾನುವಾರಗಳ ನೂಕುನುಗ್ಗಲು ಬೇಡ. ಸೂರ್ಯ ನಾಲ್ಕೂವರೆಯ ಸುಮಾರಿಗೇ ಮುಳುಗುವುದರಿಂದ, ವಾರದ ನಡುವಿನ ಒಂದು ದಿನ ಆ ಹೊತ್ತಿಗೆ ಪೆನ್ ಸ್ಟೇಷನ್ನಿನಲ್ಲಿಳಿದು, 34ನೇ ಬೀದಿಯ ಮೇಸೀಸ್‌ನಿಂದ ಆರಂಭಿಸಿ. 1870ರ ದಶಕದಲ್ಲಿ ಹಬ್ಬದ ಕಿಟಕಿಗಳ ರೂಢಿಗೆ ನಾಂದಿ ಹಾಡಿದವರಲ್ಲಿ ಈ ಮಳಿಗೆಯೂ ಒಂದು. ಮಕ್ಕಳಿದ್ದರೆ ಬ್ರಾಡ್‌ವೇ ಕಡೆಯ ಕಿಟಕಿಗಳ ಮುಂದೆ ಹೆಚ್ಚು ಹೊತ್ತು ನಿಲ್ಲಿ.

ಅಲ್ಲಿಂದ ಫಿಫ್ತ್ ಅವೆನ್ಯೂ ಹಿಡಿದು ಉತ್ತರಕ್ಕೆ ನಡೆಯುವಾಗ, 38ನೇ ಬೀದಿಯ ಮೂಲೆಯಲ್ಲಿ ಲಾರ್ಡ್ ಆ್ಯಂಡ್ ಟೇಲರ್ ಮಳಿಗೆಯಿದ್ದ ಕಟ್ಟಡವನ್ನು ಗಮನಿಸದೆ ಮುಂದೆ ಹೋಗಬೇಡಿ. 1914ರಲ್ಲಿ ತೆರೆದ ಈ ಕಟ್ಟಡದ ಕಿಟಕಿಗಳಿಗೆ ಹೈಡ್ರಾಲಿಕ್ ಲಿಫ್ಟುಗಳಿದ್ದವು: ನೆಲಮಾಳಿಗೆಯಲ್ಲಿ ದೃಶ್ಯವನ್ನು ಪೂರ್ತಿಯಾಗಿ ಕಟ್ಟಿ, ನಾಟಕದ ರಂಗಸಜ್ಜಿಕೆಯಂತೆ ಇಡಿಯಾಗಿ ಮೇಲಕ್ಕೇರಿಸುತ್ತಿದ್ದರು. 1938ರಲ್ಲಿ ಅವರು ಮಾರಾಟದ ಒಂದು ವಸ್ತುವನ್ನೂ ಇಡದೆ ಕೇವಲ ಗಂಟೆಗಳನ್ನು ತೂಗಾಡಿಸಿದರು. ಮಳಿಗೆ 2019ರಲ್ಲಿ ಮುಚ್ಚಿತು.

49 ಮತ್ತು 50ನೇ ಬೀದಿಗಳ ನಡುವೆ ಸ್ಯಾಕ್ಸ್ ಸಿಗುತ್ತದೆ; ಎದುರಿಗೇ ರಾಕೆಫೆಲರ್ ಸೆಂಟರ್ ಇರುವುದರಿಂದ ಇಲ್ಲಿನ ಜಂಗುಳಿ ತಪ್ಪಿದ್ದಲ್ಲ, ಬೇಗ ದಾಟಿಬಿಡಿ. ಉಳಿಸಿದ ಸಮಯವನ್ನೆಲ್ಲ 58ನೇ ಬೀದಿಯ ಬರ್ಗ್‌ಡಾರ್ಫ್ ಗುಡ್‌ಮನ್‌ಗೆ ಮೀಸಲಿಡಿ. ಇಲ್ಲಿನ ಕಿಟಕಿಯನ್ನು ಮೊದಲು ಫುಟ್‌ಪಾತಿನ ಅಂಚಿನಿಂದ ನೋಡಿ, ಆಮೇಲೆ ಗಾಜಿನ ಹತ್ತಿರ ಹೋಗಿ ಮೂಲೆಗಳನ್ನು ಹುಡುಕಿ. ನೆಲದಿಂದ ಚಾವಣಿಯವರೆಗೆ ಎಲ್ಲೂ ಖಾಲಿ ಬಿಡದೆ ತುಂಬಿದ ಸೂಕ್ಷ್ಮ ಕೆಲಸ ದೂರದಿಂದ ಕಾಣುವಂಥದ್ದಲ್ಲ.

ಫೋಟೊ ತೆಗೆಯುವಾಗ ಫ್ಲ್ಯಾಶ್ ಆರಿಸಿ, ಫೋನಿನ ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿದರೆ ಹಿಂದಿನ ಟ್ಯಾಕ್ಸಿಗಳ ಪ್ರತಿಬಿಂಬ ಬೀಳುವುದಿಲ್ಲ. ಉಸಿರು ಮಾತ್ರ ಬಿಗಿಹಿಡಿದಿರಿ, ಇಲ್ಲವಾದರೆ ಗಾಜು ಮಂಜಾಗುತ್ತದೆ.

ಕಾಲಲ್ಲಿ ಇನ್ನೂ ಬಲವಿದ್ದರೆ 59ನೇ ಬೀದಿಯಲ್ಲಿ ಪೂರ್ವಕ್ಕೆ ನಡೆದು ಲೆಕ್ಸಿಂಗ್ಟನ್ ಅವೆನ್ಯೂವಿನ ಬ್ಲೂಮಿಂಗ್‌ಡೇಲ್ಸ್ ನೋಡಿ. ಅದರ ಬುಡದಲ್ಲೇ ಇರುವ ಸಬ್‌ವೇ ನಿಲ್ದಾಣದಲ್ಲಿ ಆರ್ ರೈಲು ಹತ್ತಿದರೆ, ಹೊರಟಿದ್ದ ಮೇಸೀಸ್‌ನ ಬಾಗಿಲಿಗೇ ತಂದಿಳಿಸುತ್ತದೆ.